ಹಳೇದು ತಂದಿದ್ದೀರಾ?

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಕಾರಿನ ಯಾವ ಸಾಮಾನು ಬೇಕಾದರೂ ಸಿಗುತ್ತದೆ ಎಂಬುದು ಬೆಂಗಳೂರಿನ ಮೆಕ್ಯಾನಿಕ್‌ಗಳ ನಡುವಿನ ಹಳೆಯ ಮಾತು. ಸಿಗುವುದೇನೋ ನಿಜ. ಸಿಕ್ಕಿದ್ದು ನಮ್ಮ ಗಾಡಿಗೆ ಕೂರುತ್ತದೆಯೇ ಎಂದು ಹೇಳುವುದು ಬೇರೆಯದೇ ವಿದ್ಯೆ. ಆ ವಿದ್ಯೆಯಲ್ಲಿ ಪಳಗಿದ ಹಿರಿಯ ವ್ಯಾಪಾರಿಯೊಬ್ಬರು ಇಲ್ಲಿದ್ದಾರೆ. ಗಲ್ಲಿಯವರಿಗೆಲ್ಲ ಅವರು ಚಾಚಾ. ಗಿರಾಕಿ ಬಾಯಿ ಬಿಡುವ ಮೊದಲೇ ಅವರು ಕೇಳುತ್ತಾರೆ: "ಹಳೇದು ತಂದಿದ್ದೀರಾ?"

ತಂದಿಲ್ಲವೆಂದರೆ ವ್ಯಾಪಾರ ಮುಂದಕ್ಕೆ ಹೋಗುವುದಿಲ್ಲ. ನಾನು ಹೋದಾಗ ಟ್ಯಾಕ್ಸಿ ಚಾಲಕರೊಬ್ಬರು ಸುಟ್ಟುಹೋದ ಡೈನಮೋವನ್ನು ಚೀಲದಲ್ಲಿ ಹೊತ್ತು ತಂದಿದ್ದರು. ಪುಸ್ತಕದಲ್ಲಿ ಆಲ್ಟರ್ನೇಟರ್ ಎಂದಿದ್ದರೂ ಗ್ಯಾರೇಜಿನಲ್ಲಿ ಅದು ಡೈನಮೋವೇ. ಚಾಚಾ ಅದನ್ನೂ ತಮ್ಮಲ್ಲಿದ್ದ ಇನ್ನೊಂದನ್ನೂ ಹಲಗೆಯ ಮೇಲೆ ಜೋಡಿಸಿಟ್ಟರು. ಮೊದಲು ಕಿವಿಗಳು, ಅಂದರೆ ಬೋಲ್ಟ್ ಹಾಯುವ ತೂತುಗಳು. ಎರಡರಲ್ಲೂ ಅದೇ ಬೋಲ್ಟ್ ತೂರಿಸಿ, ತೂತುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದರು. ಆಮೇಲೆ ಪುಲ್ಲಿ. ಬೆಲ್ಟ್ ಕೂರುವ ಗೆರೆಗಳ ಮೇಲೆ ಹೆಬ್ಬೆರಳಿನ ಉಗುರು ಎಳೆದು ಎಣಿಸಿದರು: ಹಳೆಯದರಲ್ಲಿ ಐದು, ಇದರಲ್ಲಿ ನಾಲ್ಕು. ಚಾಲಕರ ಮುಖ ಇಳಿಯಿತು. ಚಾಚಾ ಎರಡೂ ಶಾಫ್ಟ್‌ಗಳ ದಪ್ಪ ನೋಡಿದರು. ಒಂದೇ ಇತ್ತು. ಹಳೆಯ ಪುಲ್ಲಿಯನ್ನೇ ಬಿಚ್ಚಿ ಇದಕ್ಕೆ ಹಾಕಿ, ಕಿವಿಯಿಂದ ಪುಲ್ಲಿಗೆ ಎಷ್ಟು ದೂರ ಎಂದು ಮತ್ತೆ ಸ್ಕೇಲ್ ಹಿಡಿದರು. ಅಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಬೆಲ್ಟ್ ಓರೆಯಾಗಿ ಓಡಿ, ಕಿರುಗುಟ್ಟಿ, ಬೇಗ ಸವೆಯುತ್ತದೆ. ವೈರಿನ ಪ್ಲಗ್ಗಿನ ಆಕಾರ ಮತ್ತು ಪಿನ್ನುಗಳನ್ನು ಹೋಲಿಸಿ, ಲೇಬಲ್ಲಿನ ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೆಲೆಯ ಮಾತು.

ಚಾಚಾ ಹೇಳುವ ಇತಿಹಾಸ ಬಹಳ ಚಿಕ್ಕದು. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಗಾಡಿಯ ಹೆಸರು ಹೇಳಿದರೆ ಹೆಚ್ಚುಕಡಿಮೆ ಸಾಕಿತ್ತು. 1983ರ ಕೊನೆಗೆ ಮಾರುತಿ 800 ಬಂತು. ಅದರಲ್ಲೇ ಮೊದಲು ಕಾರ್ಬುರೇಟರ್, ಆಮೇಲೆ ಇಂಧನ ಚಿಮ್ಮಿಸುವ ಎಂಪಿಎಫ್‌ಐ. ಅಲ್ಲಿಂದ 'ಯಾವ ಗಾಡಿ' ಎನ್ನುವುದರ ಜೊತೆಗೆ 'ಯಾವ ಮಾಡೆಲ್' ಎಂದೂ ಕೇಳಬೇಕಾಯಿತು.

ಎಂಜಿನ್ ಒಂದೇ ಆದರೆ ಸಾಮಾನೂ ಒಂದೇ ಎಂದು ನಂಬಿ ಕೈಸುಟ್ಟುಕೊಂಡವರು ಬಹಳ. ಫಿಯೆಟ್ಟಿನ 1248 ಸಿಸಿ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಇಂಡಿಕಾ ವಿಸ್ಟಾದಲ್ಲೂ ಇತ್ತು, ಪುಂಟೊ, ಲಿನಿಯಾಗಳಲ್ಲೂ ಇತ್ತು. ಆದರೆ ಸ್ವಿಫ್ಟ್‌ನ ಸುಮಾರು 75 ಅಶ್ವಶಕ್ತಿಯ ಎಂಜಿನ್ನಿಗೆ ಸಾದಾ ಟರ್ಬೊ, ಎರ್ಟಿಗಾದ ಸುಮಾರು 90ರದ್ದಕ್ಕೆ ಒಳಗಿನ ರೆಕ್ಕೆಗಳು ಹೊರಳುವ ಟರ್ಬೊ. ಎರ್ಟಿಗಾದ ಟರ್ಬೊವನ್ನು ಸ್ವಿಫ್ಟ್‌ಗೆ ಹಾಕಿದರೆ, ಆ ರೆಕ್ಕೆಗಳನ್ನು ಹೊರಳಿಸುವ ಏರ್ಪಾಡು ಈ ಗಾಡಿಯಲ್ಲಿ ಇರುವುದಿಲ್ಲ.

ಸಾಮಾನಿನ ಮೇಲಿನ ಪಾರ್ಟ್ ನಂಬರ್ ಓದಲು ಕಲಿತರೆ ಅರ್ಧ ಗೊಂದಲ ಮುಗಿಯಿತು. ಸುಜುಕಿಯಲ್ಲಿ ಮೊದಲ ಐದು ಅಂಕಿ ಸಾಮಾನಿನ ಜಾತಿ: 31400 ಎಂದರೆ ಡೈನಮೋ, 31100 ಎಂದರೆ ಸೆಲ್ಫ್ ಮೋಟಾರ್. ಮುಂದಿನ ಅಕ್ಷರ, ಅಂಕಿಗಳು ಮಾಡೆಲ್ಲಿನದು. ಹ್ಯುಂಡೈನಲ್ಲಿ ಇವೇ 37300 ಮತ್ತು 36100. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರ್ ಕೈಯಲ್ಲಿದ್ದರೆ ಗಾಡಿಗೆ ಮೂಲದಲ್ಲಿ ಯಾವ ನಂಬರಿನ ಸಾಮಾನು ಇತ್ತೆಂದು ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಕೇಳಬಹುದು. ಆಕ್ಸಲ್ ಆದರೆ ತುದಿಯ ಹಲ್ಲುಗಳನ್ನು ಎಣಿಸಬೇಕು. ಎಬಿಎಸ್ ಇರುವ ಗಾಡಿಯಾದರೆ ಅದರ ಸೆನ್ಸರ್ ರಿಂಗ್ ಕೂಡ ನೋಡಬೇಕು. ಬ್ರೇಕ್ ಹೋಸ್, ಸೀಟ್ ಬೆಲ್ಟ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಇವುಗಳನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯವು ಕೊಳ್ಳಬೇಡಿ. ಇಡೀ ಎಂಜಿನ್ ಕೊಳ್ಳುವುದಾದರೆ ಬಿಲ್ ಕೇಳಿ ಪಡೆಯಿರಿ. ಬದಲಿಸಿದ್ದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಬೇಕಾಗುತ್ತದೆ.

ಈಗಿನ ಗಾಡಿಗಳ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಮಾತ್ರ ಚಾಚಾರ ಸ್ಕೇಲಿಗೆ ದಕ್ಕುವುದಿಲ್ಲ. ಪ್ಲಗ್ ಕೂತರೂ ಕೀಲಿಯೊಳಗಿನ ಸಂಕೇತ ಹೊಂದದಿದ್ದರೆ ಗಾಡಿ ಸ್ಟಾರ್ಟ್ ಆಗದು. ಇಸಿಯು ಕೇಳಿ ಬಂದವರನ್ನು ಅವರು ಸ್ಕ್ಯಾನರ್ ಇಟ್ಟುಕೊಂಡ ಪಕ್ಕದ ಹುಡುಗನ ಬಳಿ ಕಳುಹಿಸುತ್ತಾರೆ. ವಾಹನ ಗುಜರಿ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಹಳೆಯ ಗಾಡಿಗಳು ಲೆಕ್ಕಕ್ಕೆ ಸಿಕ್ಕಿ ಬಿಚ್ಚಿಕೊಳ್ಳುವುದು ಒಳ್ಳೆಯದೇ. ಆ ಕೇಂದ್ರಗಳಲ್ಲಿ ಚಾಚಾರಂಥವರಿಗೊಂದು ಕುರ್ಚಿ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ. ಯಾವ ಗಾಡಿಯದು ಯಾವುದಕ್ಕೆ ಕೂರುತ್ತದೆ ಎಂಬ ಚಾಚಾರ ಪಟ್ಟಿ ಕಾಗದದ ಮೇಲೆ ಎಲ್ಲೂ ಇಲ್ಲ, ಮತ್ತು ಅವರು ಈಗ ಮಧ್ಯಾಹ್ನದ ಮೇಲೆ ಅಂಗಡಿಗೆ ಬರುವುದಿಲ್ಲ.