ನಾಟಕಶಾಲೆಯಿಂದ ಶಸ್ತ್ರಚಿಕಿತ್ಸಾಗಾರಕ್ಕೆ

ಶಸ್ತ್ರಚಿಕಿತ್ಸೆಗೆಂದು ಸೋಂದೆಯಿಂದ ಶಿರಸಿಗೋ ಹುಬ್ಬಳ್ಳಿಗೋ ಹೋದ ರೋಗಿಯ ಬಂಧುಗಳು ಮುಚ್ಚಿದ ಬಾಗಿಲೊಂದರ ಹೊರಗೇ ನಿಲ್ಲಬೇಕಾಗುತ್ತದೆ. ಆ ಕೊಠಡಿಗೆ ‘ಥಿಯೇಟರ್’, ಅರ್ಥಾತ್ ನಾಟಕಶಾಲೆ, ಎಂಬ ಹೆಸರೇಕೆ ಬಂದಿತೆಂಬುದು ವಿಚಾರಾರ್ಹವಾಗಿದೆ.

ಒಂದು ಕಾಲದಲ್ಲಿ ಅದು ನಿಜವಾಗಿಯೂ ನೋಟದ ಸ್ಥಳವೇ ಆಗಿತ್ತು. ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಗಾಗಿ 1822ರಲ್ಲಿ ಚರ್ಚೊಂದರ ಅಟ್ಟದಲ್ಲಿ ರಚಿತವಾದ ಶಾಲೆಯಲ್ಲಿ ಮಾಡಿನ ಗವಾಕ್ಷಿಯೇ ಬೆಳಕು. ಸುತ್ತಲೂ ಮರದ ಮೆಟ್ಟಿಲುಗಳ ಮೇಲೆ ವಿದ್ಯಾರ್ಥಿಗಳ ಸಂದಣಿ. ಮೇಜಿನಡಿ ರಕ್ತ ಹೀರಲು ಮರದ ಹೊಟ್ಟು. 1846ರಲ್ಲಿ ಬಾಸ್ಟನ್ನಿನ ಈಥರ್ ಪ್ರಯೋಗದಿಂದ ನೋವು ಅಡಗಿತಾದರೂ ಗಾಯದ ಕೀವು ಅಡಗಲಿಲ್ಲ. 1867ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ವಿಧಾನವನ್ನು ಪ್ರಕಟಿಸಿದ ಬಳಿಕ, ವೈರಿಯು ಸೂಕ್ಷ್ಮಜೀವಿಯೆಂಬುದು ಮೆಲ್ಲಮೆಲ್ಲನೆ ಮನವರಿಕೆಯಾಯಿತು. ಮರ ಹೋಗಿ ತೊಳೆಯಬಲ್ಲ ನುಣುಪು ಗೋಡೆ ಬಂದಿತು, ಕೊಳೆ ಕೂರದಂತೆ ಮೂಲೆಗಳು ದುಂಡಾದವು, ಪ್ರೇಕ್ಷಕರು ಹೊರನಡೆದರು.

ಇಂದು ಗಾಳಿಯೂ ಸೋಸಲ್ಪಟ್ಟೇ ಒಳಬರಬೇಕು. ಗಂಟೆಗೆ ಸುಮಾರು 20 ಬಾರಿ ಬದಲಾಗುವ ಆ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಅಧಿಕವಾಗಿರಿಸುವುದರಿಂದ, ಬಾಗಿಲು ತೆರೆದಾಗ ಒಳಗಾಳಿ ಹೊರಸೂಸಿ ಧೂಳನ್ನು ತಡೆಯುತ್ತದೆ.

ಈ ಎಚ್ಚರ ನಮ್ಮವರಿಗೆ ಅಪರಿಚಿತವಲ್ಲ. ವ್ರಣಿತನು ಮಲಗುವ ಮನೆ ಶುಚಿಯಾಗಿರಬೇಕೆಂದೂ, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆರಡು ಬಾರಿಯಂತೆ ಹತ್ತು ದಿನ ಹಾಕಬೇಕೆಂದೂ ಸುಶ್ರುತಸಂಹಿತೆ ವಿಧಿಸಿದೆ. ಬಾಗಿಲ ಬಳಿ ಕಾಯುವ ಬಂಧುಗಳು ಒಳಗೆ ಇಣುಕದಿರುವುದೂ ರೋಗಿಗೆ ಸಲ್ಲಿಸುವ ಸೇವೆಯೇ ಆಗಿದೆ.