ತೆಂಗಿನ ಸೀಮೆಯ ಉಂಗುರ, ಖಾಲಿ ಉಳಿಯುವ ದಾರಿ

ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಟೆಂಡರ್ ಈಗ ಆನ್‌ಲೈನ್. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಮಾಲಿನ ಧಾರಣೆ ಗಡುವಿನೊಳಗೆ ತೀರ್ಮಾನವಾಗಬೇಕು. ವರ್ತಕರು ನಮೂದಿಸುವ ದರ ನಾಲ್ಕಾರು ಅಂಕಿಗಳಷ್ಟು ಹಗುರ, ಆದರೆ ಕಾಯುವಂಥದ್ದಲ್ಲ. ಆ ದರ ಸಾಗುವ ಫೈಬರ್ ಎಳೆಯ ಮೇಲೆಯೇ ಊರಿನ ವಿಡಿಯೊಗಳ ಭಾರವೂ ಬಿದ್ದರೆ ದಾರಿ ಹಂಚಿಕೆಯ ಪ್ರಶ್ನೆ ಏಳುತ್ತದೆ.

ಕೊಂಬೆಯಿಂದ ಉಂಗುರಕ್ಕೆ

2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಪಂಚಾಯಿತಿಗಳಿಗೆ ಫೈಬರ್ ಎಳೆದದ್ದು ಬಹುಮಟ್ಟಿಗೆ ಕೊಂಬೆ ಒಡೆದಂತೆ. ಕೊಂಬೆ ಮುರಿದರೆ ತುದಿಯ ಊರಿಗೆ ಸಂಪರ್ಕವಿಲ್ಲ. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಉಂಗುರ ವಿನ್ಯಾಸಕ್ಕೆ ಹೊರಳಿತು. ಅಲ್ಲಿ ದಾರಿ ಹುಡುಕುವುದು ರೌಟರ್‌ಗಳ ಕೆಲಸ. ಬರೀ ಸ್ವಿಚ್‌ಗಳಿಂದ ಕಟ್ಟುವ ಈಥರ್ನೆಟ್ ಉಂಗುರದ ತೊಡಕೇ ಬೇರೆ. ಮಾಹಿತಿ ಹೊರುವ ಈಥರ್ನೆಟ್ ಫ್ರೇಮಿಗೆ ಆಯಸ್ಸಿನ ಮಿತಿಯಿಲ್ಲ. ಸುತ್ತು ಪೂರ್ಣವಾದರೆ ಅದು ಗಾಣದ ಎತ್ತಿನಂತೆ ತಿರುಗುತ್ತಲೇ ಇರುತ್ತದೆ, ಪ್ರತಿಗಳು ಬೆಳೆದು ಜಾಲವನ್ನೇ ಮುಳುಗಿಸುತ್ತವೆ. ಅದಕ್ಕೇ ಒಂದು ಕೊಂಡಿಗೆ ಬೀಗ. 2008ರಲ್ಲಿ ಬಂದ ಜಿ.8032 ಮಾನದಂಡದ ಗುರಿ, ಬೇರೆಡೆ ಕೇಬಲ್ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ಈ ಬೀಗ ತೆರೆಯಬೇಕೆಂಬುದು. ಉಳಿದ ದಿನವೆಲ್ಲ ಹಣ ಸುರಿದು ಹೂತ ಆ ಕೊಂಡಿ ಖಾಲಿ.

ಎರಡು ಬೀಗ

ತಿಪಟೂರು, ತುರುವೇಕೆರೆ, ಕೆ.ಬಿ. ಕ್ರಾಸ್, ಚಿಕ್ಕನಾಯಕನಹಳ್ಳಿ: ಈ ನಾಲ್ಕನ್ನು ಸುತ್ತುವ ಇಂಥದೊಂದು ಉಂಗುರವನ್ನು ಕಲ್ಪಿಸಿಕೊಳ್ಳೋಣ, ಹೊರದಾರಿ ತಿಪಟೂರಿನಲ್ಲಿರಲಿ. ಚಿಕ್ಕನಾಯಕನಹಳ್ಳಿ–ಕ್ರಾಸ್ ಕೊಂಡಿಗೆ ಬೀಗ ಹಾಕಿದರೆ ಕ್ರಾಸಿನ ಸಂಚಾರವೆಲ್ಲ ತುರುವೇಕೆರೆಯ ಹೆಗಲಿಗೆ. ಸಂಚಾರವನ್ನು ಎರಡು ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಜಾಲಗಳಂತೆ ವಿಂಗಡಿಸುವ ಗುರುತು) ಗುಂಪು ಮಾಡಿ, ಎರಡನೆಯ ಗುಂಪಿಗೆ ಮಾತ್ರ ಕ್ರಾಸ್–ತುರುವೇಕೆರೆ ಕೊಂಡಿಯನ್ನು ಮುಚ್ಚಿದರೆ ಅದು ಚಿಕ್ಕನಾಯಕನಹಳ್ಳಿಯ ಮೂಲಕ ಹರಿಯುತ್ತದೆ. ಒಂದೇ ಉಂಗುರ, ಎರಡು ಬೀಗ, ಎರಡು ಕಡೆಗೂ ಕೆಲಸ.

ಲಾಭ ನಿಜ, ಆದರೆ ಈ ಹಂಚಿಕೆ ಭಾರ ತೂಗಿ ಆಗುವುದಲ್ಲ. ಗುಂಪು ಮಾಡಿದವರ ಅಂದಾಜಿನಂತೆ ಆಗುವುದು. ಬೆಳಿಗ್ಗೆ ಸರಿಯೆನಿಸಿದ ಪಾಲು ಸಂಜೆ ವಾಲಬಹುದು. ಇನ್ನೂ ದೊಡ್ಡ ಆತಂಕವೆಂದರೆ ಎರಡು ದಾರಿಯೂ ಸಿಕ್ಕಿತೆಂದು ಎರಡನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿಸುವುದು. ಕೇಬಲ್ ಕಡಿದ ದಿನ ಎಲ್ಲ ಭಾರ ಉಳಿದೊಂದು ದಾರಿಗೆ ಬಂದಾಗ, ಟೆಂಡರ್ ದರವೂ ವಿಡಿಯೊದ ಹಿಂದೆ ಸಾಲು ನಿಲ್ಲುತ್ತದೆ. ತುರ್ತು ಸಂಚಾರಕ್ಕೆ ಆದ್ಯತೆಯನ್ನು ಪ್ರತ್ಯೇಕವಾಗಿಯೇ ಗೊತ್ತುಪಡಿಸಬೇಕು. ಹಂಚಿಕೆ ಅದನ್ನು ತಾನಾಗಿ ಕೊಡುವುದಿಲ್ಲ.

ಮಣ್ಣಿನೊಳಗಿನ ಮಾತು

ಹಂಚಿಕೆ ಮಾಡತಕ್ಕದ್ದೇ, ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಕೇಬಲ್ ಹೂತ ಗುಂಡಿ. ತಿಪಟೂರಿನಿಂದ ಹೊರಡುವ ಎರಡೂ ಎಳೆಗಳು ಊರು ದಾಟುವವರೆಗೆ ಒಂದೇ ಗುಂಡಿಯಲ್ಲಿದ್ದರೆ, ಚರಂಡಿ ತೋಡುವ ಜೆಸಿಬಿಯ ಒಂದೇ ಹಲ್ಲಿಗೆ ಎರಡೂ ಸಿಗುತ್ತವೆ. ಆಗ ಬೀಗ ತೆರೆದರೂ ಮೂರು ಊರುಗಳ ನಡುವೆಯಷ್ಟೇ ಮಾತು. ಹೊರಗಿನ ದಾರಿ ಬಂದ್.