ನಕ್ಷೆಯೊಂದು, ಓದುವ ಯಂತ್ರ ಹಲವು

ಅಹಮದಾಬಾದಿನ ಆಶ್ರಮ ರಸ್ತೆಯಲ್ಲಿ, ಸಾಬರಮತಿಯ ದಡಕ್ಕೆ ಹೊಂದಿಕೊಂಡು ಗಿರಣಿ ಮಾಲೀಕರ ಸಂಘದ ಕಟ್ಟಡವಿದೆ. 1954ರಲ್ಲಿ ಮುಗಿದ ಆ ಕಟ್ಟಡದ ಶಿಲ್ಪಿ ಲ ಕಾರ್ಬೂಸಿಯೆ ಇದ್ದದ್ದು ಪ್ಯಾರಿಸ್ಸಿನಲ್ಲಿ. ಅವರ ಕಚೇರಿಯಲ್ಲಿ ಕೆಲಸ ಕಲಿತ ಬಾಲಕೃಷ್ಣ ದೋಶಿಯವರು ಇಲ್ಲಿಗೆ ಬಂದು ಮೇಲ್ವಿಚಾರಣೆ ನಡೆಸಿದರು. ಪ್ಯಾರಿಸ್ಸಿನಲ್ಲಿ ಬರೆದ ಗೆರೆಯನ್ನು ಅಹಮದಾಬಾದಿನಲ್ಲಿ ಬಿಚ್ಚಿ ನೋಡಿದರೂ ಅದು ಅದೇ ಗೆರೆ. ಅರ್ಥವಾಗದಿದ್ದರೆ ಪತ್ರ ಬರೆದು ಕೇಳಬಹುದಿತ್ತು. 'ಕಾಗದ ತೆರೆಯುತ್ತಿಲ್ಲ' ಎಂದು ಯಾರೂ ದೂರಿರಲಾರರು.

ಈಗ ಹಾಗಲ್ಲ. ನಮ್ಮ ಬಂಧುಗಳೊಬ್ಬರು ಸೂರತ್ತಿನಲ್ಲಿ ಮನೆ ಕಟ್ಟಿಸಲು ಹೊರಟರೆಂದು ಇಟ್ಟುಕೊಳ್ಳೋಣ. ವಾಸ್ತುಶಿಲ್ಪಿಗಳು ಅಹಮದಾಬಾದಿನವರು, ಕಂಬ ತೊಲೆಗಳ ಲೆಕ್ಕ ಹಾಕುವ ಇಂಜಿನಿಯರು ವಡೋದರದವರು, ಗುತ್ತಿಗೆದಾರರು ಸೂರತ್ತಿನವರೇ. ಮೂವರ ನಡುವೆ ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ, ಮಿಂಚಂಚೆಯಲ್ಲಿ ಅರೆಗಳಿಗೆ. ಆದರೆ ಮೊದಲನೆಯವರು ನಕ್ಷೆ ತೆಗೆಯುವುದು ರೆವಿಟ್ಟಿನಲ್ಲಿ, ಎರಡನೆಯವರು ಬಳಸುವುದು ಹಳೆಯ ಆಟೋಕ್ಯಾಡ್, ಅಡುಗೆಮನೆಯ ಕಪಾಟು ಮಾಡುವವರದು ಸ್ಕೆಚಪ್. ತೊಡಕು ಹುಟ್ಟುವುದು ಇಲ್ಲೇ.

1982ರಲ್ಲಿ ಬಂದ ಆಟೋಕ್ಯಾಡ್ ಮೂಲತಃ ಗೆರೆಗಳ ಲೆಕ್ಕ ಇಡುವ ಯಂತ್ರ. ಗೋಡೆಯೆಂದರೆ ಅದಕ್ಕೆ ಎರಡು ಸಮಾನಾಂತರ ಗೆರೆ. ಹಂಗೇರಿಯ ಆರ್ಕಿಕ್ಯಾಡಿಗೂ ರೆವಿಟ್ಟಿಗೂ ಗೋಡೆಯೆಂದರೆ ಗೋಡೆಯೇ: ಎತ್ತರ, ದಪ್ಪ, ಇಟ್ಟಿಗೆ, ಗಾರೆ ಎಲ್ಲ ಅದರೊಳಗಿದೆ, ಬಾಗಿಲನ್ನು ಸರಿಸಿದರೆ ಗೋಡೆಯ ಕಂಡಿಯೂ ತಾನಾಗಿ ಸರಿಯುತ್ತದೆ. ಇಂಥ ನಕ್ಷೆಯನ್ನು ಆಟೋಕ್ಯಾಡಿನ ಡಿ.ಡಬ್ಲ್ಯೂ.ಜಿ. ರೂಪಕ್ಕೆ ಇಳಿಸಿದಾಗ ಗೋಡೆಯ ತಿಳಿವಳಿಕೆ ಹೋಗಿ ಬರಿಯ ಗೆರೆ ಉಳಿಯುತ್ತದೆ. ಸಂಗೀತಗಾರರ ಹಾಡನ್ನು ಕೇಳಿ ಸ್ವರ ಬರೆದುಕೊಂಡಂತೆ. ಸ್ವರವೇನೋ ಸಿಕ್ಕಿತು, ಗಮಕ ಸಿಕ್ಕಲಿಲ್ಲ. ಆ ಸ್ವರದಿಂದ ಮತ್ತೆ ಹಾಡನ್ನು ಪಡೆಯುವುದು ಇನ್ನೂ ಕಷ್ಟ. ಜೊತೆಗೆ ರೆವಿಟ್ಟಿನದೊಂದು ಹಟವಿದೆ: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಒಂದೇ ಕಂಪನಿಯ ಯಂತ್ರವಾದರೂ ಮೊಮ್ಮಗನ ಮಾತು ಅಜ್ಜನಿಗೆ ತಿಳಿಯದು.

ಅಕ್ಷರದ ಪಾಡನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಹಳೆಯ ನುಡಿ ಅಥವಾ ಬರಹದಲ್ಲಿ ಬೆರಳಚ್ಚಿಸಿದ ಲಗ್ನಪತ್ರಿಕೆ, ಆ ಅಕ್ಷರವಿಲ್ಲದ ಗಣಕಯಂತ್ರದಲ್ಲಿ ಯಾವುದೋ ಮಂತ್ರದಂತೆ ಕಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಯೂನಿಕೋಡಿಗೆ ಮುಂಚಿನ ಗುಜರಾತಿ ಅಕ್ಷರಗಳಿಗೂ ಅದೇ ಗತಿ. ನಕ್ಷೆಯ ಮೂಲೆಯಲ್ಲಿ ಕಡಿಯಾಗೆ, ಅಂದರೆ ಇಲ್ಲಿಯ ಗಾರೆಯವರಿಗೆ, ಗುಜರಾತಿಯಲ್ಲಿ ಬರೆದ ಸೂಚನೆ ಮತ್ತೊಂದು ಯಂತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ನಿಲ್ಲುವುದುಂಟು.

ಇನ್ನು ಅಳತೆ. ಗುಜರಾತಿನಲ್ಲಿ ನಿವೇಶನ ಕೊಳ್ಳುವುದು 'ವಾರ್' ಲೆಕ್ಕದಲ್ಲಿ, ಒಂದು ವಾರ್‌ಗೆ 9 ಚದರಡಿ. ಕೋಣೆಯ ಮಾತು ಅಡಿ ಅಂಗುಲದಲ್ಲಿ, ಅನುಮತಿಯ ಅರ್ಜಿ ಮೀಟರಿನಲ್ಲಿ, ಇಂಜಿನಿಯರ ಕಂಬ ಮಿಲಿಮೀಟರಿನಲ್ಲಿ. ಅಂಗುಲವನ್ನು ಮಿಲಿಮೀಟರೆಂದು ಯಂತ್ರ ಓದಿಕೊಂಡರೆ ಮನೆ 25.4 ಪಟ್ಟು ಕುಗ್ಗಿಬಿಡುತ್ತದೆ. ಇದು ತಮಾಷೆಯೇ, ಏಕೆಂದರೆ ಮಗುವಿಗೂ ತಿಳಿಯುತ್ತದೆ. ಅಂಜಬೇಕಾದ್ದು ಸಣ್ಣ ತಪ್ಪಿಗೆ. ಅವಸರದಲ್ಲಿ ಗೆರೆಯನ್ನು ತಿದ್ದದೆ, ಅದರ ಮೇಲಿನ ಅಂಕಿಯನ್ನಷ್ಟೇ ಕೈಯಾರೆ ಬದಲಿಸುವ ಅಭ್ಯಾಸ ಕೆಲವು ಕಚೇರಿಗಳಲ್ಲಿದೆ. ಗೆರೆ 11 ಅಡಿ 10 ಅಂಗುಲ, ಬರೆದದ್ದು 12 ಅಡಿ. ಇಂಜಿನಿಯರು ಆ ಗೆರೆಯನ್ನು ತಮ್ಮ ಯಂತ್ರದಲ್ಲಿ ಹೊಸದಾಗಿ ಅಳೆದರೆ 11 ಅಡಿ 10 ಅಂಗುಲವೇ ಬರುತ್ತದೆ. ಸೂರತ್ತಿನ ಕಡಿಯಾ ಮುದ್ರಿತ ಹಾಳೆಯನ್ನು ನೋಡಿ 12 ಅಡಿಗೆ ದಾರ ಕಟ್ಟುತ್ತಾನೆ. ಇಬ್ಬರೂ ಸರಿ, ಕಂಬ ಮಾತ್ರ ಎರಡಂಗುಲ ಪಕ್ಕಕ್ಕೆ.

ದೊಡ್ಡವರಿಗೂ ಈ ಪೆಟ್ಟು ಬಿದ್ದಿದೆ. ಏರ್‌ಬಸ್ ಕಂಪನಿಯ ಎ-380 ವಿಮಾನದ ನಕ್ಷೆಯನ್ನು ಜರ್ಮನಿಯ ಹ್ಯಾಂಬರ್ಗಿನಲ್ಲೂ ಫ್ರಾನ್ಸಿನ ತುಲೂಸಿನಲ್ಲೂ ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳಲ್ಲಿ ಬರೆದರು. ಜೋಡಿಸುವಾಗ ತಂತಿಗಳು ಗಿಡ್ಡವಾದವು. 2006ರಲ್ಲಿ ಬಯಲಾದ ಈ ತೊಡಕಿನಿಂದ ವಿಮಾನ ಬಹಳ ತಡವಾಯಿತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2004ರ ವರದಿಯಲ್ಲಿ, ತಂತ್ರಾಂಶಗಳು ಪರಸ್ಪರ ಹೊಂದದ್ದರಿಂದ ಅಲ್ಲಿಯ ದೊಡ್ಡ ಕಟ್ಟಡಗಳ ಉದ್ಯಮಕ್ಕೆ ವರ್ಷಕ್ಕೆ 1,580 ಕೋಟಿ ಡಾಲರು ನಷ್ಟವೆಂದು ಅಂದಾಜು ಮಾಡಿತು. ಅದರಲ್ಲಿ ಮೂರನೆಯ ಎರಡು ಪಾಲನ್ನು ಹೊತ್ತವರು ಶಿಲ್ಪಿಗಳಲ್ಲ, ಗುತ್ತಿಗೆದಾರರೂ ಅಲ್ಲ. ಕಟ್ಟಡದ ಒಡೆಯರು ಮತ್ತು ಅದನ್ನು ನಡೆಸುವವರು. ಸಾಲ ಮಾಡಿ ಮನೆ ಕಟ್ಟಿಸುವ ನಮ್ಮಂಥವರು ಈ ಒಂದು ಮಾತನ್ನು ಗಮನಿಸಬೇಕು.

ಎಲ್ಲರಿಗೂ ಸಲ್ಲುವ ರೂಪ ಇಲ್ಲವೆಂದಲ್ಲ. ಐ.ಎಫ್.ಸಿ. ಎಂಬುದು ಗೋಡೆಯನ್ನು ಗೋಡೆಯೆಂದೇ ಸಾಗಿಸುತ್ತದೆ. 2013ರಲ್ಲಿ ಅದು ಐ.ಎಸ್.ಓ. 16739 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ತಾಳೆ ನೋಡಲು ಅದು ಬಹಳ ಒಳ್ಳೆಯದು. ಹೋದ ಕಡೆಯಲ್ಲಿ ತಿದ್ದಿ, ಮೂಲಕ್ಕೆ ಹಾಗೆಯೇ ಮರಳಿ ತರುವೆನೆಂದರೆ ನಿರಾಸೆಯಾದೀತು.

ಹಾಗಾದರೆ ಮನೆಯೊಡೆಯರು ಮಾಡುವುದೇನು? ತಂತ್ರಾಂಶ ಕಲಿಯಬೇಕಿಲ್ಲ. ಒಪ್ಪಂದದ ದಿನವೇ ಮೂವರನ್ನೂ ಕೂಡಿಸಿ, ಯಾರು ಯಾವ ತಂತ್ರಾಂಶದ ಯಾವ ಆವೃತ್ತಿ ಬಳಸುತ್ತಾರೆ, ಅಳತೆ ಯಾವುದರಲ್ಲಿ ಎಂದು ಬರೆಸಿಕೊಳ್ಳಿ. ಪ್ರತಿ ಕಡತದೊಂದಿಗೂ ಅದೇ ದಿನಾಂಕದ ಪಿ.ಡಿ.ಎಫ್. ಪ್ರತಿ ಬರಲಿ, ಅದರಲ್ಲಿ ಗೆರೆಯೂ ಅಕ್ಷರವೂ ಕಳಿಸಿದವರಿಗೆ ಕಂಡಂತೆಯೇ ಉಳಿಯುತ್ತವೆ, ಅಕ್ಷರವನ್ನು ಕಡತದೊಳಗೆ ಸೇರಿಸಿದ್ದರೆ. ನಕ್ಷೆಯ ಅಂಚಿನಲ್ಲಿ ಸರಿಯಾಗಿ 10 ಅಡಿಯ ಗೆರೆಯೊಂದನ್ನು ಎಳೆಸಿ. ಪಡೆದವರು ಮೊದಲು ಅದನ್ನು ಅಳೆದು, ಮನೆಯ ಎರಡು ಕರ್ಣಗಳನ್ನೂ ಅಳೆದು ತಿಳಿಸಲಿ. ಕೈಯಾರೆ ತಿದ್ದಿದ ಅಂಕಿ ಬೇಡವೆಂದು ಮೊದಲೇ ಹೇಳಿಬಿಡಿ. ಶಿಲ್ಪಿಗಳು ಹುಬ್ಬು ಗಂಟಿಕ್ಕಿದರೂ ಚಿಂತೆಯಿಲ್ಲ. ತಳಪಾಯಕ್ಕೆ ದಾರ ಕಟ್ಟುವ ದಿನ ಶಿಲ್ಪಿಗಳ ಹಾಳೆ ಮತ್ತು ಇಂಜಿನಿಯರ ಹಾಳೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಂಬದಿಂದ ಕಂಬಕ್ಕೆ ನೀವೇ ಓದಿ. ಕಾಂಕ್ರೀಟು ಸುರಿದ ಮೇಲೆ ಓದಿ ಪ್ರಯೋಜನವಿಲ್ಲ.

ಮನೆ ಮುಗಿದ ಮೇಲೆ, ಕೊನೆಯ ಕಂತು ಕೊಡುವ ಮುಂಚೆ, ಕಟ್ಟಿದ್ದು ಕಟ್ಟಿದಂತೆಯೇ ತೋರಿಸುವ ನಕ್ಷೆಯನ್ನು ಮೂಲ ಕಡತ, ಡಿ.ಎಕ್ಸ್.ಎಫ್., ಪಿ.ಡಿ.ಎಫ್. ಹೀಗೆ ಮೂರು ರೂಪದಲ್ಲೂ ಕೇಳಿ ಪಡೆಯಿರಿ. ನೀರಿನ ಕೊಳವೆ, ವಿದ್ಯುತ್ ತಂತಿ ಹೋದ ದಾರಿಯೂ ಅದರಲ್ಲಿರಲಿ. ಒಂದು ಪ್ರತಿಯನ್ನು ಗಟ್ಟಿ ಕಾಗದದ ಮೇಲೆ ಮುದ್ರಿಸಿ, ಮಡಿಸದೆ ಸುರುಳಿ ಸುತ್ತಿ, ಖರೀದಿ ಪತ್ರದ ಜೊತೆಗೆ ಕಬ್ಬಿಣದ ಬೀರುವಿನಲ್ಲಿಡಿ.